ಎರಡು ಏಳುಗಳ ಗೋಡೆ

ನೋವಿ ಬೆರೆಗ್,
17 ಅಕ್ಟೋಬರ್ 1974

ಪ್ರೀತಿಯ ಅಣ್ಣ ವೇನ್ಯಾ,

ನಿನ್ನ ಮೊಣಕಾಲು ಈಗ ಹೇಗಿದೆ? ಕಳೆದ ಕಾಗದದಲ್ಲಿ ಅದರ ಮಾತೇ ಇರಲಿಲ್ಲ, ಅಂದಮೇಲೆ ನೋವು ಜಾಸ್ತಿಯಾಗಿದೆ ಎಂದೇ ನನ್ನ ಎಣಿಕೆ. ನೀನು ಯಾವುದನ್ನು ಬರೆಯುವುದಿಲ್ಲವೋ ಅದರಲ್ಲೇ ಏನಾದರೂ ಇರುತ್ತದೆ. ಅಲೆವ್ತೀನಾ ಅತ್ತಿಗೆಯ ರಕ್ತದೊತ್ತಡ ಇಳಿಯಿತೇ? ಮೀನು ಹಿಡಿಯುವವನ ಹೆಂಡತಿಗೆ ಉಪ್ಪುಮೀನು ತಿನ್ನಬೇಡ ಎಂದು ಹೇಳಿ ಪ್ರಯೋಜನವಿಲ್ಲ, ಆದರೂ ನಾನು ಹೇಳಿದೆನೆಂದು ಹೇಳು. ನೀನು ಕಳಿಸಿದ ಪೊಟ್ಟಣ ಬಂತು. ಹದಿನಾಲ್ಕು ಮೀನು ಎಂದು ಬರೆದಿದ್ದೆ, ಹನ್ನೆರಡಿದ್ದವು. ಅಂಚೆಯ ಲೀದಾ ಪೊಟ್ಟಣ ಕೊಡುವಾಗ ನನ್ನ ಮುಖ ನೋಡಲಿಲ್ಲ. ನಾನೂ ಏನೂ ಕೇಳಲಿಲ್ಲ, ಅವಳೆದುರಿಗೇ ಬಿಚ್ಚಿ ಎರಡು ಸಲ ಗಟ್ಟಿಯಾಗಿ ಎಣಿಸಿದೆ, ಅಷ್ಟೆ.

ನಗಬೇಡ. ಶಾಲೆಯ ಮಕ್ಕಳು ನನಗೆ ‘ಗಡಿಠಾಣೆ’ ಎಂದು ಹೆಸರಿಟ್ಟಿದ್ದಾರೆ ಎನ್ನುವುದೂ ನನಗೆ ಗೊತ್ತಿದೆ. ಅನುಮಾನ ನನ್ನ ಹುಟ್ಟುಗುಣ. ನಾನು ಮದುವೆಯಾಗದೆ ಉಳಿದದ್ದೂ ಅದರಿಂದಲೇ ಎಂದು ಪಕ್ಕದ ಮನೆಯ ಕಾಪಾ ಚಿಕ್ಕಮ್ಮ ಊರೆಲ್ಲ ಹೇಳಿಕೊಂಡು ಬರುತ್ತಾಳೆ. ನಲವತ್ತೆರಡು ವರ್ಷಕ್ಕೆ ಈ ಗುಣ ಬಿಡುವುದೂ ಇಲ್ಲ. ಆದರೆ ಅಣ್ಣ, ಈ ಹತ್ತು ಹನ್ನೆರಡು ದಿನಗಳಲ್ಲಿ ನಡೆದದ್ದನ್ನು ನೋಡಿದರೆ ನಾನು ಇಡೀ ಲೋಕವನ್ನು ಅನುಮಾನಿಸಿ ನನ್ನ ಮನೆಯ ಗೋಡೆಯೊಂದನ್ನು ಬಿಟ್ಟುಬಿಟ್ಟಿದ್ದೆ ಅನ್ನಿಸುತ್ತಿದೆ. ಮೊದಲಿನಿಂದ ಹೇಳುತ್ತೇನೆ. ಕೂತುಕೊಂಡು ಓದು, ಅತ್ತಿಗೆ ಓದಿ ಹೇಳುವುದು ಬೇಡ.

ಐದನೇ ತಾರೀಕು ಶನಿವಾರ ನಾಲ್ಕನೇ ತರಗತಿಗೆ ‘ನಮ್ಮ ನಾಡು’ ಪಾಠ ಮಾಡುತ್ತಿದ್ದೆ. ಪ್ರತಿ ವರ್ಷದ ಪಾಠವೇ. ನಮ್ಮದು ನದಿಗಳ ನಾಡು, ನಮ್ಮ ಹಿರಿಯರು ಸೊಂಟದಲ್ಲಿ ಕೊಡಲಿ ಸಿಕ್ಕಿಸಿಕೊಂಡು ನದಿಗುಂಟ ಬಂದರು, ಕಾಡು ಕಡಿದು ಸುಟ್ಟರು, ಬೂದಿಯಲ್ಲಿ ರೈ ಕಾಳು ಬಿತ್ತಿದರು. ತಾತಾರರು ಬಂದಾಗ ಉತ್ತರಕ್ಕೆ ಸರಿದರು, ಒಡೆಯರ ಕಾಟ ಹೆಚ್ಚಿದಾಗ ಇನ್ನೂ ಆಚೆಗೆ ಹೋದರು. ಮರದ ಮನೆಯಾದ್ದರಿಂದ ಬಿಚ್ಚಿಕೊಂಡು ಹೋಗಬಹುದಿತ್ತು. ದಿಮ್ಮಿಗೆ ಕೊಡಲಿಯಿಂದ ಕಚ್ಚು ಹಾಕಿ, ಕೆಳಗಿನದಕ್ಕೆ ಒಂದು, ಅದರ ಮೇಲಿನದಕ್ಕೆ ಎರಡು, ಹೀಗೆ ಎಣಿಸಿ, ಹೊಸ ಜಾಗದಲ್ಲಿ ಅದೇ ಎಣಿಕೆಯಲ್ಲಿ ಪೇರಿಸಿದರೆ ಹಳೆಯ ಮನೆ ಎದ್ದು ನಿಲ್ಲುತ್ತಿತ್ತು. ಇಷ್ಟು ಹೇಳಿ ಕೋಲನ್ನು ಭೂಪಟದಲ್ಲಿ ವೋಲ್ಗಾ ಉಬ್ಬಿಕೊಂಡಿರುವ ನೀಲಿಯ ನಡುವೆ ಇಟ್ಟು, ‘ನಾನು ಹುಟ್ಟಿದ ಜರೂಚ್ಯೆ ಇಲ್ಲಿದೆ’ ಎಂದೆ. ಯಾವ ವರ್ಷವೂ ತಪ್ಪದೆ ಒಂದು ಮಗು ಕೇಳುವುದನ್ನು ಈ ಸಲ ಕಟ್ಟಿಗೆ ಡಿಪೋದವನ ಮಗಳು ಕೇಳಿದಳು, ‘ಅದು ನೀರಲ್ವಾ ಟೀಚರ್, ನೀವೇನು ಮೀನಾ?’ ಎಲ್ಲರೂ ನಕ್ಕರು. ಹಿಂದಿನ ಬಾಗಿಲಲ್ಲಿ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ನಗಲಿಲ್ಲ.

ಮೂವತ್ತೈದರ ಆಸುಪಾಸು. ಪಟ್ಟಣದ ಕೋಟು, ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಹೆಸರು ಅರ್ಕಾದಿ, ಯಾರೋಸ್ಲಾವ್ಲ್‌ನ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಅಂದ. ಅಣೆಕಟ್ಟಿನ ನೀರಿಗೆ ಹೋದ ಹಳ್ಳಿಗಳಿಂದ ಬಿಚ್ಚಿ ತಂದ ಮನೆಗಳನ್ನು ನೋಡಿಕೊಂಡು ಹೋಗಲು ರಜೆ ಹಾಕಿ ಬಂದಿದ್ದಾನಂತೆ. ರಜೆಯಲ್ಲಿ ಜನ ಕಪ್ಪು ಸಮುದ್ರಕ್ಕೆ ಹೋಗುತ್ತಾರೆ, ಅಕ್ಟೋಬರ್ ಕೆಸರಿನಲ್ಲಿ ನೋವಿ ಬೆರೆಗ್‌ಗೆ ಯಾರಾದರೂ ಬರುತ್ತಾರೆಯೇ? ಸುರುಳಿ ಬಿಚ್ಚಿ ತೋರಿಸಿದ. ಜರೂಚ್ಯೆಯ ನಕ್ಷೆ, ಅಣ್ಣ! ಕೈಯಲ್ಲಿ ಬರೆದದ್ದು. ತೊರೆ, ಸೇತುವೆ, ಗುಡಿ, ಎರಡು ಸಾಲು ಮನೆ, ಪ್ರತಿ ಮನೆಯ ಮೇಲೂ ಆ ಮನೆಯವರು ಬಲೆಗೂ ದೋಣಿಗೂ ಮರಕ್ಕೂ ಹಾಕುತ್ತಿದ್ದ ಗುರುತು. ನಮ್ಮ ಮನೆಯ ಮೇಲೆ ಎರಡು ಹಲ್ಲಿನ ಕವೆಗೋಲು. ಶಾಲೆಯ ಬೀರುವಿನಲ್ಲೂ ಇಲ್ಲದ ನಕ್ಷೆ ಇವನ ಕೈಗೆ ಹೇಗೆ ಬಂತು? ಯಾರು ಬರೆದದ್ದು ಎಂದರೆ, ‘ನಾನೇ ಬರ್ದಿದ್ದು. ಒಬ್ರು ಹೇಳಿದ್ರು, ನಾನು ಬರ್ದೆ’ ಅಂದ. ಆ ಒಬ್ಬರು ಯಾರೆಂದು ಹೇಳಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ.

ಅವನು ಇಳಿದುಕೊಂಡದ್ದು ಕಾಪಾ ಚಿಕ್ಕಮ್ಮನ ಮನೆಯಲ್ಲೇ. ಅವಳ ಸಂಭ್ರಮ ಕೇಳಬೇಡ. ಬೇಲಿಯ ಮೇಲೆ ಮುಖವಿಟ್ಟು, ‘ಫಾಯಿನಾ, ಏ ಫಾಯಿನಾ, ದೇವ್ರು ಬಾಗ್ಲಿಗೇ ಗಂಡು ಕಳ್ಸಿದಾನೆ ಕಣೇ! ಏಳು ವರ್ಷ ಚಿಕ್ಕೋನಾದ್ರೇನು, ನಿನ್ ಬಾಯಿಗೆ ಹೆದರ್ಕೊಂಡು ಬೇಗ ಮುದುಕ ಆಗ್ತಾನೆ ಬಿಡು’ ಎಂದಳು. ಅವಳಿಗೆ ಗಂಡು ಕಂಡರೆ ನನಗೆ ಕಂಡದ್ದು ಕಳ್ಳ. ಹಳ್ಳಿಗಳಲ್ಲಿ ಮುದುಕಿಯರನ್ನು ಮಾತಿನಲ್ಲಿ ಮರುಳು ಮಾಡಿ ಹಳೆಯ ದೇವರ ಪಟ ಹೊಡೆದುಕೊಂಡು ಹೋಗುವವರು ಈಗ ಹೆಚ್ಚಾಗಿದ್ದಾರೆ, ನಿನಗೂ ಗೊತ್ತಿರಬಹುದು. ಅವರೂ ಕ್ಯಾಮೆರಾ ಹಿಡಿದೇ ಬರುತ್ತಾರೆ. ಅಮ್ಮನ ಕಜಾನ್ ಮಾತೆಯ ಪಟವನ್ನು ಆ ಸಂಜೆಯೇ ಬಟ್ಟೆಯಲ್ಲಿ ಸುತ್ತಿ ಎಲೆಕೋಸು ಉಪ್ಪು ಹಾಕುವ ಖಾಲಿ ಪೀಪಾಯಿಯಲ್ಲಿಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು ಇಟ್ಟೆ. ಮಾತೆ ಕ್ಷಮಿಸಲಿ.

ಬುಧವಾರ ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಬಾಗಿಲು ತಟ್ಟಿ ಒಳಗೆ ಬಂದವನು ಮಾಳಿಗೆಯ ದೊಡ್ಡ ತೊಲೆಯ ಈಚೆಗೇ ನಿಂತುಬಿಟ್ಟ. ಕರೆಯದೆ ತೊಲೆ ದಾಟಬಾರದು ಎಂಬ ರೀತಿ ಈಗಿನವರಲ್ಲಿ ಯಾರಿಗೆ ಗೊತ್ತು? ಪಟ್ಟಣದವನಿಗೆ ಇದನ್ನು ಕಲಿಸಿದವರು ಯಾರು? ನನಗೆ ಇನ್ನಷ್ಟು ಅನುಮಾನವಾಯಿತು. ಚಹಾ ಕೊಟ್ಟೆ, ಲೋಟದ ಮೇಲೆ ಒಂದು ಕಣ್ಣಿಟ್ಟೆ. ಅವನು ದೇವರ ಮೂಲೆಯನ್ನು ತಿರುಗಿಯೂ ನೋಡಲಿಲ್ಲ. ಗೋಡೆಯನ್ನೇ ನೋಡುತ್ತಿದ್ದ, ಪಶ್ಚಿಮದ ಗೋಡೆಯನ್ನು, ನಿನ್ನ ಮಂಚವಿದ್ದದ್ದನ್ನು. ‘ಈ ಕಾಗದದ ಕೆಳಗೆ ದಿಮ್ಮಿ ಹೇಗಿದೆ?’ ಎಂದು ಕೇಳಿದ. ದಿಮ್ಮಿ ದಿಮ್ಮಿಯ ಹಾಗೇ ಇದೆ ಎಂದೆ. ಆಮೇಲೆ ಮುಂಗೋಣೆಗೆ ಹೋಗಿ, ದಿಮ್ಮಿಗಳ ತುದಿ ಕಾಣುವ ಮೂಲೆಯಲ್ಲಿ ನಿಂತು, ಕಚ್ಚುಗಳ ಮೇಲೆ ಬೆರಳಿಟ್ಟು ತುಟಿಯಲ್ಲೇ ಎಣಿಸತೊಡಗಿದ. ಅವನ ಮುಖದ ಗಾಂಭೀರ್ಯ ನೋಡಿ ನನಗೆ ನಗು ಬಂತು. ‘ಎಣಿಸ್ಬೇಡಿ, ತಲೆ ಕೆಡುತ್ತೆ. ಅಲ್ಲಿ ಆರು ಇಲ್ಲ, ಎರಡು ಏಳಿದೆ. ನಮ್ಮಪ್ಪ ಕುಡಿದ್ರೆ ಐದರ ಮೇಲೆ ಏಳು, ಏಳರ ಮೇಲೆ ಏಳು ಅಂತಿದ್ರು’ ಎಂದು ನಮ್ಮ ಮನೆಯ ಹಳೆಯ ತಮಾಷೆ ಹೇಳಿದೆ. ಅದೇ, ನೀನು ಪ್ರತಿ ಹಬ್ಬದಲ್ಲೂ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದೆಯಲ್ಲ, ಅದು.

ಅವನು ನಗಲಿಲ್ಲ. ಆರನೆಯ ಜಾಗದಲ್ಲಿದ್ದ ಏಳು ಕಚ್ಚಿನ ದಿಮ್ಮಿಯ ಮೇಲೆ ಅಂಗೈಯನ್ನು ಪೂರ್ತಿ ಇಟ್ಟು ನಿಂತ. ‘ನೀರು ಕೊಡ್ತೀರಾ’ ಅಂದ. ನೀರು ತರುವಷ್ಟರಲ್ಲಿ ಟೋಪಿ ಹಾಕಿಕೊಂಡು ಹೊರಟೇಹೋಗಿದ್ದ. ನಾನು ಓಡಿ ಹೋಗಿ ಪೀಪಾಯಿ ನೋಡಿದೆ. ಪಟ ಇತ್ತು, ಚಮಚಗಳೂ ಇದ್ದವು, ಏನೂ ಹೋಗಿರಲಿಲ್ಲ. ಏನೂ ಕದಿಯದ ಕಳ್ಳನನ್ನು ಏನೆಂದುಕೊಳ್ಳುವುದು? ಆ ದಿನವಿಡೀ ನನಗೆ ಅದೇ ಚಿಂತೆ.

ಮರುದಿನ ತಾನೇ ಬಂದು ಎಲ್ಲ ಹೇಳಿದ. ಅವನು ಉಸ್ತಿನ್ಯಾಳ ಮಗ. ನಮ್ಮ ಜರೂಚ್ಯೆಯ ಪಕ್ಕದ ಮನೆಯ ಉಸ್ತಿನ್ಯಾ, ನನ್ನ ಜೊತೆ ಆಡುತ್ತಿದ್ದ ಲೂಶಾಳ ಅಮ್ಮ. ಊರು ಬಿಟ್ಟಾಗ ಇವನು ಒಂದು ವರ್ಷದ ಕೂಸು, ನಾನೇ ಎತ್ತಿಕೊಂಡು ತಿರುಗಿದ್ದೇನೆ! ನಲವತ್ತರ ಸೆಪ್ಟೆಂಬರಿನಲ್ಲಿ ಅಮ್ಮ, ನಾನು, ಉಸ್ತಿನ್ಯಾ, ಲೂಶಾ ಎಲ್ಲ ಗಾಡಿಯಲ್ಲಿ ಹೋದೆವು. ಮನೆಗಳನ್ನು ಬಿಚ್ಚಿ ತೆಪ್ಪ ಕಟ್ಟಿ ನದಿಯಲ್ಲಿ ತಂದವರು ನಮ್ಮ ಕಡೆಯಿಂದ ಅಪ್ಪ ಮತ್ತು ಹದಿನಾಲ್ಕು ವರ್ಷದ ನೀನು, ಅವರ ಕಡೆಯಿಂದ ಉಸ್ತಿನ್ಯಾಳ ಗಂಡ ಲಿಯೊನೀದ. ಎರಡು ತೆಪ್ಪಗಳನ್ನೂ ಹಗ್ಗದಿಂದ ಕಟ್ಟಿದ್ದರಂತೆ, ಗಾಳಿಯೆದ್ದು ಹಗ್ಗ ಹರಿಯಿತಂತೆ, ಅವರ ತೆಪ್ಪ ಒಡೆಯಿತಂತೆ, ನಮ್ಮದರಿಂದಲೂ ಕೆಲವು ದಿಮ್ಮಿ ಕೊಚ್ಚಿಹೋದವಂತೆ. ಇಷ್ಟು ನನಗೂ ಗೊತ್ತಿದ್ದದ್ದೇ. ಒಂದು ಗೋಡೆಯೇ ಇಲ್ಲದ ಮನೆಯನ್ನು ಅವರು ಕಟ್ಟಲಾಗಲಿಲ್ಲ. ಹೊಸ ಮರ ಸಿಗಲಿಲ್ಲ. ಹನ್ನೊಂದು ಮೈಲಿ ಆಚೆಯ ಬ್ಯಾರಕ್ಕಿಗೆ ಹೋದರು, ಉಳಿದ ದಿಮ್ಮಿಗಳನ್ನು ಚಳಿಗೆ ಸೌದೆ ಮಾಡಿಕೊಂಡರು. ಲಿಯೊನೀದ ಯುದ್ಧದಲ್ಲಿ ಸತ್ತ. ನಲವತ್ತೆರಡರ ಜನವರಿಯಲ್ಲಿ ಆ ಬ್ಯಾರಕ್ಕಿನಲ್ಲೇ ನನ್ನ ಲೂಶಾ ಹೋದಳು, ಹತ್ತು ವರ್ಷಕ್ಕೆ, ಎದೆಯ ಕಫದಲ್ಲಿ. ಅವಳ ಬಟ್ಟೆಯ ಬೊಂಬೆ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ನಾನು ಅದನ್ನು ಯಾರಿಗೂ ತೋರಿಸಿಲ್ಲ.

ಈಗ ಉಸ್ತಿನ್ಯಾ ಪೇಟೆಯ ಆಸ್ಪತ್ರೆಯಲ್ಲಿದ್ದಾಳೆ, ಹೊಸ ವರ್ಷ ನೋಡುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಸಮಾಧಿಗೆ ಹುಟ್ಟೂರಿನ ಒಂದು ಹಿಡಿ ಮಣ್ಣು ಹಾಕಬೇಕಲ್ಲ, ಅದು ಅವಳ ಹಂಬಲ. ಹಿಂದಿನ ಬೇಸಿಗೆ ನೀರು ಇಳಿದಾಗ ಅರ್ಕಾದಿ ದೋಣಿಯಲ್ಲಿ ಹೋಗಿ, ಜರೂಚ್ಯೆಯ ಬೀದಿ ಇದ್ದ ಜಾಗದಿಂದ ಮಣ್ಣು ತಂದಿದ್ದನಂತೆ. ಅವಳು ಬೆರಳಿನಲ್ಲಿ ಉಜ್ಜಿ ನೋಡಿ, ‘ಇದು ಕೆಸರು ಕಣೋ. ನಮ್ಮ ಮಣ್ಣಲ್ಲ, ನೀರು ತಂದು ಸುರಿದ ಕೆಸರು’ ಎಂದು ಎಸೆದುಬಿಟ್ಟಳಂತೆ. ಆಮೇಲೆ ಹೇಳಿದಳಂತೆ, ‘ಊರಿಂದ ಹೊರಗೆ ಬಂದಿದ್ದು ಮರ ಒಂದೇ. ನಮ್ಮ ಕೋಳಿಕಾಲು ಗುರುತಿರೋ ದಿಮ್ಮಿ ಯಾರ ಮನೇಲಾದ್ರೂ ಇದ್ದೇ ಇರುತ್ತೆ. ಒಂದೇ ಎಣಿಕೆ ಎರಡು ಸಲ ಬಂದಿರೋ ಗೋಡೆ ಹುಡುಕು, ಒಂದು ಚೂರು ತಾ.’ ಹೀಗೆ ಹುಡುಕುತ್ತ ಬಂದ ಅವನಿಗೆ ನಾನೇ ನಗುನಗುತ್ತ ಎರಡು ಏಳುಗಳನ್ನು ತೋರಿಸಿದ್ದೆ.

ನಾನು ಏನು ಮಾಡಿದೆ ಗೊತ್ತೇ? ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ‘ನಮ್ಮಪ್ಪನ ಹೆಸರು ಹುತಾತ್ಮರ ಕಂಬದ ಮೇಲೆ ಮೂರನೇದು, ಹೋಗಿ ಓದ್ಕೊಂಡು ಬಾ! ಸತ್ತೋರಿಗೆ ಕಳ್ಳ ಅನ್ನೋಕೆ ಯಾರೋ ನೀನು?’ ಎಂದು ಕೂಗಿದೆ. ಅವನು, ‘ನಾನು ಯಾರಿಗೂ ಏನೂ ಅನ್ನಲಿಲ್ಲ, ಫಾಯಿನಾ ಪ್ರೊಖೋರೊವ್ನಾ. ನನಗೆ ಬೇಕಾಗಿರೋದು ಅಂಗೈಯಗಲ ಮರ’ ಎಂದು ಹೇಳಿ ಮೆಟ್ಟಿಲಿಳಿದ. ಅವನು ಹಾಗೆ ಮೆತ್ತಗೆ ಮಾತಾಡದೆ ಜಗಳಕ್ಕೆ ನಿಂತಿದ್ದರೆ ನಾನು ಇವತ್ತಿಗೂ ಅವನನ್ನು ಸುಳ್ಳ ಎಂದೇ ನಂಬಿರುತ್ತಿದ್ದೆ.

ಭಾನುವಾರ ಬಾಗಿಲ ಅಗಳಿ ಹಾಕಿ ಆ ಗೋಡೆಯ ಮುಂದೆ ಕೂತೆ. ಸುಳ್ಳೆಂದು ತೋರಿಸಿ ಅವನ ಮುಖಕ್ಕೆ ಹೊಡೆಯುವ ಹಾಗೆ ಹೇಳಬೇಕೆಂದೇ ಕಾಗದ ಕೀಳತೊಡಗಿದೆ. ಮೇಲೆ ನಾನು ಹಚ್ಚಿದ ಹಸಿರು ಕಾಗದ. ಅದರ ಕೆಳಗೆ ಅಮ್ಮ ಹಚ್ಚಿದ ಹೂವಿನದು. ಅದರ ಕೆಳಗೆ ಹಳೆಯ ಸುದ್ದಿಪತ್ರಿಕೆಗಳು, ಒಂದರ ಕೆಳಗೊಂದು. ಎಲ್ಲಕ್ಕಿಂತ ಕೆಳಗಿನದರ ತಾರೀಕು ಓದಿದೆ. ನಲವತ್ತೊಂದರ ನವೆಂಬರ್. ನೆನಪಿದೆಯೇ ಆ ನವೆಂಬರ್? ಮರದ ತೊಗಟೆ ಕುಟ್ಟಿ ರೊಟ್ಟಿಗೆ ಬೆರೆಸುತ್ತಿದ್ದೆವು. ಕಾಗದ ಅಂಟಿಸಲು ಹಿಟ್ಟಿನ ಗಂಜಿ ಬೇಕು. ಮಕ್ಕಳ ಹೊಟ್ಟೆಗಿಲ್ಲದ ಹಿಟ್ಟನ್ನು ಅಮ್ಮ ಗೋಡೆಗೆ ಬಳಿದಿದ್ದಳು. ಉಳಿದ ಮೂರು ಗೋಡೆಗಳಿಗೆ ಕಾಗದ ಬಂದದ್ದು ಯುದ್ಧ ಮುಗಿದ ಮೇಲೆ. ‘ಆ ಗೋಡೆಗೆ ಒರಗ್ಬೇಡ್ವೇ, ಮೈ ತುರ್ಸುತ್ತೆ’ ಎಂದು ಅಮ್ಮ ನನ್ನನ್ನು ಗದರುತ್ತಿದ್ದದ್ದೂ ಆಗ ನೆನಪಾಯಿತು. ಬಾಕಿ ಇದ್ದುದನ್ನು ಚಾಕುವಿನಿಂದ ಕೆರೆದೆ. ಐದು ದಿಮ್ಮಿಗಳ ಮೇಲೆ ಕೋಳಿಕಾಲು ಇತ್ತು, ಅಣ್ಣ. ಮೂರು ಗೆರೆ ಮುಂದೆ, ಒಂದು ಹಿಂದೆ. ಮೇಲಿನ ನಾಲ್ಕು ನಮ್ಮ ಕಳೆದುಹೋದ ದಿಮ್ಮಿಗಳ ಎಣಿಕೆಗೆ ಸರಿಯಾಗಿ ಕೂತಿದ್ದವು; ಆರರ ಬದಲಿಗೆ ಮಾತ್ರ ಅಪ್ಪನಿಗೆ ಅವರ ಏಳು ಸಿಕ್ಕಿತ್ತು. ಅಪ್ಪನಿಗೆ ಎಣಿಸಲು ಚೆನ್ನಾಗಿಯೇ ಬರುತ್ತಿತ್ತು.

ನೆಲದ ಮೇಲೆ ಕೂತು ಅತ್ತೆ. ನಾಚಿಕೆಯಿಂದ ಅತ್ತೆ, ಸಿಟ್ಟಿನಿಂದ ಅತ್ತೆ. ಮೂವತ್ತಮೂರು ವರ್ಷ ಲೂಶಾಳ ಗೋಡೆಯೊಳಗೆ ಬೆಚ್ಚಗೆ ಮಲಗಿ, ಲೂಶಾಳ ಬೊಂಬೆಯನ್ನು ಹಿಡಿದುಕೊಂಡು ಲೂಶಾಳಿಗಾಗಿ ಅತ್ತಿದ್ದೇನೆ. ಆದರೂ ಒಂದು ಮಾತು ಬರೆಯಬೇಕು. ಕಳ್ಳನಾದವನು ಮೊದಲು ಗುರುತು ಕೆತ್ತಿಹಾಕುತ್ತಾನೆ. ಅಪ್ಪನ ಕೈಯಲ್ಲಿ ಕೊಡಲಿಯಿತ್ತು, ಎರಡು ಏಟಿನ ಕೆಲಸ. ಐದು ಗುರುತುಗಳನ್ನೂ ಹಾಗೇ ಬಿಟ್ಟು, ಮನೆಯ ಒಳಮುಖಕ್ಕೇ ತಿರುಗಿಸಿ ಕೂರಿಸಿದ್ದಾರೆ. ಮುಂದೆ ಯಾವಾಗಲಾದರೂ ಹಿಂದಿರುಗಿಸುವ ಮನಸ್ಸಿತ್ತೋ, ಅಥವಾ ಯುದ್ಧದ ಕರೆ ಬರುವ ಮೊದಲು ಮುಗಿಸುವ ಆತುರವೋ, ನನಗೆ ತಿಳಿಯದು. ಆ ಮನೆಯಲ್ಲಿ ಅವರು ಆರು ವಾರವೂ ಮಲಗಲಿಲ್ಲ. ಒಂದು ದಿನ ಹೀಗನ್ನಿಸುತ್ತದೆ, ಇನ್ನೊಂದು ದಿನ ಹಾಗೆ. ಕಂಬದ ಮುಂದೆ ಹೋಗಿ ನಿಂತು ಅವರ ಹೆಸರು ಓದಿ ಬಂದೆ, ಅದೂ ಏನೂ ಹೇಳಲಿಲ್ಲ.

ಅಪ್ಪ ಸತ್ತರು, ಅಮ್ಮ ಸತ್ತಳು. ಕೇಳಲು ಉಳಿದವನು ನೀನೊಬ್ಬ. ಈಗ ನನ್ನ ಹುಟ್ಟುಗುಣ ನಿನ್ನ ಕಡೆ ತಿರುಗಿದೆ, ಸಹಿಸಿಕೋ. ಆ ಎರಡು ಏಳಿನ ತಮಾಷೆ ಶುರುಮಾಡಿದವನು ಯಾರು? ಅಪ್ಪ ಅಲ್ಲ, ಅವರು ಹೋದ ಮೇಲೆ ಶುರುವಾಯಿತು. ನೆಂಟರು ಬಂದು ಮುಂಗೋಣೆಯಲ್ಲಿ ಕೋಟು ಬಿಚ್ಚುವಾಗ ಯಾರೂ ಕೇಳುವ ಮೊದಲೇ ನೀನು ಹೇಳಿ ನಗಿಸುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಲವತ್ತೆರಡರ ಚಳಿಗಾಲದಲ್ಲಿ ಒಂದು ದಿನ ನೀನು ಎಲ್ಲೋ ಹೋಗಿ ಬಂದು, ಮಂಚವನ್ನು ಆ ಗೋಡೆಯಿಂದ ಎಳೆದು ಒಲೆಯ ಹತ್ತಿರ ಹಾಕಿದೆ. ಹದಿನೇಳಕ್ಕೆ ನೌಕಾಪಡೆಗೆ ಹೋದವನು ಮೂರ್ಮನ್ಸ್ಕ್‌ನಲ್ಲೇ ನಿಂತೆ, ನಾಡಿನ ಭೂಪಟದಲ್ಲಿ ಅದಕ್ಕಿಂತ ದೂರ ಹೋಗಲು ನೆಲವೇ ಇಲ್ಲ. ಊರಿಗೆ ಬಂದದ್ದು ಒಂದೇ ಸಲ, ಅಮ್ಮನ ಮಣ್ಣಿಗೆ. ಆಗಲೂ ಒಳಗೆ ಹೊಗೆ ಎಂದು ನೆಪ ಹೇಳಿ ಹಿತ್ತಲಿನ ಬಚ್ಚಲುಮನೆಯಲ್ಲಿ ಮಲಗಿದೆ. ನಮ್ಮ ಒಲೆ ಯಾವತ್ತೂ ಹೊಗೆಯಾಡಿದ್ದಿಲ್ಲ.

ಇನ್ನೊಂದಿದೆ. ಅಮ್ಮ ಇಪ್ಪತ್ತು ವರ್ಷ ಬಟ್ಟೆ ಒಣಹಾಕಿದ ದಪ್ಪ ಹಗ್ಗ, ತೆಪ್ಪದ ಹಗ್ಗ, ಅಟ್ಟದಲ್ಲಿತ್ತು. ಸೋಮವಾರ ಹತ್ತಿ ಇಳಿಸಿ ನೋಡಿದೆ. ಒಂದು ತುದಿಯಲ್ಲಿ ಗಂಟು. ಇನ್ನೊಂದು ತುದಿ ನೇರವಾಗಿದೆ. ಹರಿದ ಹಗ್ಗದ ಎಳೆ ಒಂದು ಉದ್ದ ಒಂದು ಗಿಡ್ಡ ಇರುತ್ತದೆ; ಇದು ಒಂದೇ ಏಟಿಗೆ ಕಡಿದದ್ದು. ಅಪ್ಪ ಕಡಿದರೋ ನೀನು ಕಡಿದೆಯೋ? ಯಾಕೆ? ಅವರ ಮರ ಬೇಕೆಂದೇ? ಹೌದು ಅಥವಾ ಅಲ್ಲ ಎಂದು ಬರೆ. ಮೊಣಕಾಲಿನ ಸುದ್ದಿ, ಹವೆಯ ಸುದ್ದಿ ಬೇಡ.

ಹಗ್ಗ ನೋಡಿದವಳೇ ಕಾಪಾ ಚಿಕ್ಕಮ್ಮನ ಮನೆಗೆ ಹೋದೆ. ಪೊಕ್ರೋವ್ ಹಬ್ಬ, ಹೊರಗೆ ಮೊದಲ ಹಿಮ, ಒಳಗೆ ಐದಾರು ಹೆಂಗಸರು ಎಲೆಕೋಸು ಹೆಚ್ಚುತ್ತ, ದಿಂಡು ತಿನ್ನುತ್ತ ಹಾಡುತ್ತಿದ್ದರು. ಅರ್ಕಾದಿ ಅವರ ನಡುವೆ ಕ್ಯಾರೆಟ್ ತುರಿಯುತ್ತಿದ್ದ. ನನ್ನ ತಲೆಯಲ್ಲಿ ಕಾಗದದ ಚೂರುಗಳಿದ್ದವಂತೆ. ‘ಬಂದ್ಳಪ್ಪಾ ಮದುಮಗಳು, ಅಕ್ಕಿಕಾಳು ತಾನೇ ಹಾಕ್ಕೊಂಡು!’ ಎಂದು ಕಾಪಾ ಚಿಕ್ಕಮ್ಮ ಕೂಗಿದಳು. ಗರಗಸ ಕೊಡಿ ಎಂದೆ. ಹಬ್ಬದ ದಿನ ಮರ ಕೊಯ್ಯಬಾರದು ಎಂದು ಅವಳು ಬಿಡಲಿಲ್ಲ. ಮಂಗಳವಾರ ಅವಳ ಗಂಡನೂ ಅರ್ಕಾದಿಯೂ ಬಂದು, ಗೋಡೆಗೆ ಆಸರೆ ಕೊಟ್ಟು, ಕಿಟಕಿಗೂ ಮೂಲೆಗೂ ನಡುವೆ ಆರನೆಯ ಜಾಗದ ಆ ಏಳು ಕಚ್ಚಿನ ದಿಮ್ಮಿಯಲ್ಲಿ ಗುರುತಿದ್ದ ಭಾಗವನ್ನು ಒಂದು ಮೊಳ ಕೊಯ್ದು ತೆಗೆದರು. ಅಂಗೈಯಗಲ ಸಾಕು ಎಂದು ಅವನು ಎಷ್ಟೋ ಹೇಳಿದ. ನಾನು ಒಪ್ಪಲಿಲ್ಲ. ತೂತಿಗೆ ಹಳೆಯ ರಜಾಯಿ ತುರುಕಿದ್ದೇನೆ, ಆದರೂ ಕೋಣೆಯಲ್ಲಿ ಉಸಿರು ಹೊಗೆಯ ಹಾಗೆ ಕಾಣುತ್ತದೆ.

ಮರದ ತುಂಡನ್ನು ಅವನ ಕೈಗೆ ಕೊಟ್ಟು ಕಳಿಸಲು ನನಗೆ ಧೈರ್ಯ ಬರಲಿಲ್ಲ. ಉಸ್ತಿನ್ಯಾ ನಿಜವಾಗಿ ಬದುಕಿದ್ದಾಳೋ ಇಲ್ಲವೋ, ಯಾರಿಗೆ ಗೊತ್ತು? ನಾಳೆ ಬೆಳಗಿನ ಬಸ್ಸಿಗೆ ಅವನ ಜೊತೆ ನಾನೂ ಹೋಗುತ್ತೇನೆ. ಕಣ್ಣಾರೆ ನೋಡಿ, ಕೈಯಾರೆ ಕೊಟ್ಟು ಬರುತ್ತೇನೆ. ಈ ಕಾಗದವನ್ನೂ ಅಲ್ಲಿಯೇ ಅಂಚೆಗೆ ಹಾಕುತ್ತೇನೆ, ಲೀದಾಳ ಕೈಗೆ ಇದನ್ನು ಕೊಡುವುದಿಲ್ಲ.

ಅತ್ತಿಗೆಗೆ ನನ್ನ ಅಪ್ಪುಗೆ, ಮಕ್ಕಳಿಗೆ ಆಶೀರ್ವಾದ. ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಆರೋಗ್ಯವಾಗಿರು.

ಉತ್ತರ ಬರುವವರೆಗೂ, ಬಂದ ಮೇಲೂ ನಿನ್ನ ತಂಗಿಯೇ ಆದ,
ಫಾಯಿನಾ

ಮರೆತ ಮಾತು, 18ನೇ ತಾರೀಕು: ಲಕೋಟೆ ಮುಚ್ಚದೆ ಇದ್ದದ್ದು ಒಳ್ಳೆಯದಾಯಿತು. ಪೇಟೆಯ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಟಪಾಲು ಚೀಲ ಕಟ್ಟಲು ಹತ್ತು ನಿಮಿಷವಿದೆಯಂತೆ. ಉಸ್ತಿನ್ಯಾ ಇದ್ದಾಳೆ. ಹಿಡಿಯಷ್ಟಾಗಿದ್ದಾಳೆ. ನನ್ನನ್ನು ನೋಡಿದ ಕೂಡಲೇ ‘ಪ್ರೊಖೋರನ ಮಗಳಲ್ವೇನೇ, ಬಾ’ ಎಂದಳು. ಮಗನನ್ನು ಚಹಾ ತರಲು ಕಳಿಸಿ ಬಾಗಿಲು ಮುಚ್ಚಲು ಹೇಳಿದಳು. ಅವಳಿಗೆ ಎಲ್ಲ ಗೊತ್ತಿತ್ತು ಅಣ್ಣ, ಮೂವತ್ತೆರಡು ವರ್ಷದಿಂದ. ಆ ಚಳಿಗಾಲದಲ್ಲಿ ನೀನು ಹಿಮದ ಮೇಲೆ ಹನ್ನೊಂದು ಮೈಲಿ ನಡೆದು ಬ್ಯಾರಕ್ಕಿಗೆ ಹೋಗಿ, ‘ನಾನು ಹೆದರಿ ಹಗ್ಗ ಕಡಿದೆ, ಬೆಳಗ್ಗೆ ಅಪ್ಪ ನಿಮ್ಮ ದಿಮ್ಮಿ ಎಳ್ಕೊಂಡ್ರು’ ಎಂದೆಯಂತೆ. ಅದು ಲೂಶಾ ತೀರಿಕೊಂಡ ಒಂಬತ್ತನೆಯ ದಿನ, ನಿನಗೆ ತಿಳಿದಿರಲಿಲ್ಲ. ಅವಳು ನಿನ್ನನ್ನು ಕೂರಿಸಿ ತಿಥಿಯ ಅನ್ನ ಬಡಿಸಿದಳಂತೆ. ಯಾರ ತಿಥಿ ಎಂದು ನೀನು ಕೇಳಿದ್ದು ಅರ್ಧ ತಿಂದ ಮೇಲೆ. ನನಗೆ ಒಂದು ಮಾತೂ ಹೇಳದೆ ಇದನ್ನೆಲ್ಲ ಹೊತ್ತುಕೊಂಡು ತಿರುಗಿದೆಯಲ್ಲೋ!

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ಹಗ್ಗ ಕಡಿ ಅಂತ ಕೂಗಿದ್ದು ನನ್ನ ಗಂಡನೇ. ನಮ್ಮ ತೆಪ್ಪ ನಿಮ್ಮದನ್ನೂ ಎಳ್ಕೊಂಡು ಮುಳುಗೋದ್ರಲ್ಲಿತ್ತು. “ಕಡಿ ಮಗೂ, ಕಡಿ ಅಂತ ಕೂಗ್ದೆ, ಗಾಳೀಲಿ ಆ ಹುಡುಗನಿಗೆ ಕೇಳಿಸ್ಲಿಲ್ಲ” ಅಂತ ಲಿಯೊನೀದನೇ ನನಗೆ ಹೇಳಿದ್ದ. ಆವತ್ತು ನಿಮ್ಮಣ್ಣ ನನ್ನೆದುರು ಅಳ್ತಾ ಕೂತಾಗ ನಾನಿದನ್ನ ಹೇಳ್ಬೇಕಿತ್ತು. ಹೇಳ್ಲಿಲ್ಲ ಕಣೇ. ಮಗಳು ಹೋಗಿದ್ಲು, ಯಾರದಾದ್ರೂ ತಪ್ಪು ಅಂತ ಇರ್ಬೇಕಿತ್ತು ನನಗೆ. ಆ ಹುಡುಗ ಊರಿಗೇ ಬರೋದಿಲ್ಲ ಅಂತ ಕೇಳ್ದೆ. ಮರದ ಚೂರು ಇಟ್ಕೊಂಡು ನಾನೇನು ಮಾಡ್ಲಿ? ಯಾರ ಮನೆ ಅಂತ ಹೇಳ್ದೇನೇ ಮಗನ್ನ ಹುಡುಕೋಕೆ ಕಳಿಸ್ದೆ; ಮರ ಸಿಕ್ಕಿದ್ರೆ ನೀನು ಬರ್ತೀಯ, ನೀನು ಬಂದ್ರೆ ಅವನಿಗೆ ತಿಳಿಯುತ್ತೆ.’ ಹಾಗೆಂದರೂ ತುಂಡನ್ನು ಮೂಸಿ ನೋಡಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ.

ಹೌದು ಅಲ್ಲ ಎಂದು ಬರೆಯುವುದು ಬೇಡ. ಲೀದಾ ಮೀನು ಕದ್ದಿರಲಿಕ್ಕಿಲ್ಲ, ನೀನೇ ತಪ್ಪಾಗಿ ಎಣಿಸಿರಬೇಕು. ರಜೆ ಹಾಕಿ ಹೊರಡು. ಮೊದಲು ಆಸ್ಪತ್ರೆ, ಅವಳು ನಿನಗೆ ತಾನೇ ಹೇಳಬೇಕಂತೆ, ತಡಮಾಡಬೇಡ. ಆಮೇಲೆ ಮನೆ. ಕಾಪಾ ಚಿಕ್ಕಮ್ಮನ ಗಂಡ ಒಣಗಿದ ದಿಮ್ಮಿ ಕೊಡುತ್ತೇನೆ ಎಂದಿದ್ದಾನೆ. ಅಪ್ಪನ ಕೊಡಲಿ ಮಸೆಯಿಸಿ ಇಟ್ಟಿದ್ದೇನೆ. ಚೀಲ ಕಟ್ಟುತ್ತಿದ್ದಾರೆ. ಗೋಡೆಯಲ್ಲಿ ತೂತಿದೆ ಅಣ್ಣ, ಚಳಿ ಬರುತ್ತಿದೆ, ಬಾ. ಹೊಸ ದಿಮ್ಮಿಗೆ ಆರು ಕಚ್ಚು ನೀನೇ ಹಾಕಬೇಕು.